ಹಿಂದೆ ಬಂದ ಬೈಕು

"ಟ್ರ್ಯಾಕಾ, ಕ್ರಾಸ್ ಕಂಟ್ರಿಯಾ? ನಾಳೆಯೊಳಗೆ ಹೇಳಮ್ಮ" ಅಂದರು ಗಿಂಡಿ ಬಡಾವಣೆಯ ನಮ್ಮ ಕಾಲೇಜಿನ ಕೋಚ್. ಹುಡುಗಿಯರೆಲ್ಲ ಕಾಂಪೌಂಡಿನೊಳಗಿನ ಟ್ರ್ಯಾಕನ್ನೇ ಆರಿಸುತ್ತಿದ್ದರು. ಕ್ರಾಸ್ ಕಂಟ್ರಿ ಅಂದರೆ ದೂರದ ಓಟ, ಹೊರಗಿನ ರಸ್ತೆಯಲ್ಲೇ ಅಭ್ಯಾಸ. ನನಗೆ ಬೇಕಿದ್ದದ್ದು ಅದೇ. ಓಡಿ ನೋಡೋಣವೆಂದು ಮರುದಿನ ಬೆಳಿಗ್ಗೆ ಒಬ್ಬಳೇ ವೇಲಚೇರಿ ಕಡೆ ಹೊರಟೆ.

ಸ್ವಲ್ಪ ದೂರಕ್ಕೇ ಹಿಂದೊಂದು ಬೈಕು ನಿಧಾನವಾಯಿತು. ಮುಂದೆ ಹೋಗಲಿಲ್ಲ, ನಿಲ್ಲಲೂ ಇಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬಸ್ ಸ್ಟಾಪಿನ ಜನ ಕಾಣುವವರೆಗೂ ಜೀವ ಕೈಯಲ್ಲಿ ಹಿಡಿದು ಓಡಿದೆ.

ಬೈಕು ಪಕ್ಕಕ್ಕೆ ಬಂತು. ಕೋಚ್! "ಸೂಪರ್ ಮಾ! ಈ ಸ್ಪೀಡು ಟ್ರ್ಯಾಕಲ್ಲಿ ಯಾಕೆ ಬರಲ್ಲ?"

"ಟ್ರ್ಯಾಕಲ್ಲಿ ಯಾವನೂ ಬೈಕಲ್ಲಿ ಹಿಂದೆ ಬರಲ್ಲ ಸರ್!" ಎಂದು ಕಿರುಚಿದೆ.

ರಸ್ತೆ ಯಾರಪ್ಪನ ಆಸ್ತಿಯೂ ಅಲ್ಲ. ಕ್ರಾಸ್ ಕಂಟ್ರಿಗೇ ಹೆಸರು ಕೊಟ್ಟೆ. ಷರತ್ತು ಒಂದೇ, ಅವರ ಬೈಕು ನನ್ನ ಮುಂದಿರಬೇಕು. ಈಗ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುವ ಪಾಡು ಅವರದು.