ಮಗಳ ದಮ್ಮಿಗೆ ನಾನು ಹಾಕಿದ ಹೊಗೆ

ಎಪ್ಪತ್ತರ ದಶಕದಲ್ಲಿ ನಾವು ಝಳಕಿಯಲ್ಲಿದ್ದೆವು. ಮಗಳಿಗೆ ಐದು ತುಂಬುವ ಹೊತ್ತಿಗೆ ದಮ್ಮು ಶುರುವಾಯಿತು. ಕೂತಲ್ಲೇ ಎದೆ ಸುಂಯ್‌ಗುಡುತ್ತಿತ್ತು, ಉಸಿರೆಳೆದಾಗ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಇದ್ದವಳು ಒಬ್ಬಳೇ ಮಗಳು. ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅನುಮಾನ ನನ್ನ ಹುಟ್ಟುಗುಣ. ಮೊಸರು ಕೊಟ್ಟ ನಾದಿನಿಯ ಮೇಲೆ ಅನುಮಾನ, ಗಲ್ಲ ಹಿಂಡಿದ ಬಳೆಗಾರ್ತಿಯ ಮೇಲೆ ಅನುಮಾನ. "ಎಷ್ಟ್ ಚಂದ ಅದಾಳ" ಎಂದ ನೆಂಟರ ಹೆಂಗಸನ್ನಂತೂ ನಾನು ಮರೆತವಳೇ ಅಲ್ಲ. ಯಾರ ದೃಷ್ಟಿ ತಗಲಿದೆಯೆಂದು ಸಂಶಯ ಬಂದರೂ ಕೆಂಡದ ಮೇಲೆ ಒಣಮೆಣಸಿನಕಾಯಿ, ಸಾಸಿವೆ, ಉಪ್ಪು ಸುರಿದು, ಮಗಳನ್ನು ಕಂಬಳಿಯ ಮುಸುಕಿನಲ್ಲಿ ಕೂರಿಸಿ ಹೊಗೆ ಹಾಕುತ್ತಿದ್ದೆ. ಅವಳು ಕೆಮ್ಮಿದರೆ ದೃಷ್ಟಿ ಹೊರಗೆ ಬಿತ್ತೆಂದು ನಂಬಿಕೆ. ಕೆಮ್ಮಿದಷ್ಟೂ ನನಗೆ ಸಮಾಧಾನ.

ಇಂಡಿ ಊರಿನ ಡಾಕ್ಟರು ಅವಳ ಎದೆ ಕೇಳಿ ನನ್ನ ಮುಖ ನೋಡಿದರು. "ಮನ್ಯಾಗ ಯಾರರೆ ಬೀಡಿ, ಚುಟ್ಟಾ ಸೇದ್ತಾರೇನವಾ? ಹೊಗಿ, ಧೂಳಿ ಈಕಿಗೆ ಆಗೂದಿಲ್ಲ."

"ಇಲ್ಲರಿ, ನಮ್ಮ ಮನ್ಯಾಗ ಅಂಥಾ ಚಟ ಯಾರಿಗೂ ಇಲ್ಲ."

ನಾನು ಸುಳ್ಳು ಹೇಳಲಿಲ್ಲ. ದೃಷ್ಟಿ ತೆಗೆಯುವುದೂ ಹೊಗೆಯೇ ಎಂದು ನನಗೆ ಹೊಳೆಯಲೇ ಇಲ್ಲ. ಬದಲಿಗೆ, ದಮ್ಮು ತೋರಿಸಿದರೆ ಬೀಡಿಯ ವಿಚಾರ ಕೇಳುವ ಡಾಕ್ಟರಿಗೆ ಏನು ತಿಳಿದೀತು ಎಂದು ಅವರ ಮೇಲೂ ಅನುಮಾನಪಟ್ಟೆ.

ಆ ವರ್ಷವೇ ಎದುರುಮನೆಗೆ ಸಿಂದಗಿ ಕಡೆಯ ಟೀಚರೊಬ್ಬರು ಬಾಡಿಗೆಗೆ ಬಂದರು. ಒಂಟಿ ಹೆಂಗಸು, ಅಂಗಳದಲ್ಲಿ ಸ್ಟೋವ್ ಇಟ್ಟು ಅಡುಗೆ ಮಾಡುತ್ತಿದ್ದರು. ಮಗಳು ಹೊತ್ತು ಸಿಕ್ಕಿದರೆ ಅಲ್ಲಿಗೇ ಓಡುತ್ತಿದ್ದಳು. ಅಲ್ಲಿ ಕುಣಿದಾಡುವ ಹುಡುಗಿಗೆ ನಮ್ಮ ಮನೆ ಹೊಕ್ಕೊಡನೆ ದಮ್ಮು ಏರುತ್ತಿತ್ತು. ಈಕೆ ತಿನ್ನುವುದರಲ್ಲಿ ಏನೋ ಮದ್ದು ಹಾಕಿ ಕೂಸನ್ನು ಒಲಿಸಿಕೊಂಡಿದ್ದಾಳೆಂದು ನನಗೆ ಖಾತ್ರಿಯಾಯಿತು. ಹೊಟ್ಟೆ ಉರಿದುಹೋಯಿತು.

ಅಂದು ಮಧ್ಯಾಹ್ನ ಆ ಟೀಚರ ಹೆಸರಿನಲ್ಲಿ ಮೆಣಸಿನಕಾಯಿ ಮುಷ್ಟಿ ತುಂಬ ಸುರಿದೆ. ಕಂಬಳಿಯೊಳಗಿಂದ ಕೆಮ್ಮು ಬಂತು, ಆಮೇಲೆ ಅದೂ ನಿಂತಿತು. ಮುಸುಕು ಸರಿಸಿದರೆ ಮಗಳ ತುಟಿ ನೀಲಿಯಾಗಿತ್ತು. ಅವಳು ನನ್ನ ಕೈ ಕೊಡವಿ, ತೂರಾಡುತ್ತ ಎದುರುಮನೆಯ ಅಂಗಳಕ್ಕೆ ಓಡಿದಳು.

ನಾನು ಹಿಂದೆಯೇ ಹೋದೆ. ಟೀಚರು ಅವಳ ಬೆನ್ನು ಸವರುತ್ತ ಲೋಟದಿಂದ ಏನೋ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು.

"ಏನ್ ಕುಡಸಾಕತ್ತೀರಿ ನನ್ನ ಮಗಳಿಗೆ?" ಎಂದು ಲೋಟ ಕಸಿದು ಮೂಸಿದೆ.

"ಬಿಸಿನೀರ್ರಿ. ಬೇಕಾದ್ರ ನೀವೂ ಕುಡೀರಿ."

ಕುಡಿದೆ. ಬರೀ ನೀರು. ಅಷ್ಟರಲ್ಲಿ ಆ ಬಯಲುಗಾಳಿಗೆ ಮಗಳ ಉಸಿರು ಸ್ವಲ್ಪ ಸ್ವಲ್ಪವೇ ತಹಬದಿಗೆ ಬರುತ್ತಿತ್ತು. ನಾನು ಅವಳನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಟೀಚರ ಸೀರೆಯ ಹಿಂದೆ ಸರಿದಳು.

"ಬರೂದಿಲ್ಲವ್ವಾ. ನೀ ಮತ್ತ ಮೆಣಸಿನಕಾಯಿ ಸುಡತಿ."

ಊರವರೆಲ್ಲರ ಕಣ್ಣಿಗೆ ನಾನು ಹೆದರಿದ್ದೆ. ನನ್ನ ಮಗಳು ಹೆದರಿದ್ದು ನನಗೆ.