ನಾನು ತೆಗೆದುಹಾಕಿಸಿದ ರೀಡಿಂಗುಗಳು

ಡೊಂಬಿವಲಿಯಲ್ಲಿ ಬಣ್ಣಗಳಿಗೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಉಷ್ಣತೆ, ಒತ್ತಡ, ಹರಿವು ಅಳೆಯುವ ಉಪಕರಣಗಳೆಲ್ಲ ನಿಜ ಹೇಳುತ್ತಿವೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಮೈಸೂರು ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬೆಳಿಗ್ಗೆ ವರ್ತಕ ನಗರದಿಂದ ಬಸ್ಸು, ಠಾಣೆಯಿಂದ ಲೋಕಲ್, ಡೊಂಬಿವಲಿಯಲ್ಲಿ ಇಳಿದರೆ ಶೇರ್ ರಿಕ್ಷಾ. ಊರೆಲ್ಲ ಮುಂಬೈ ಕಡೆ ನುಗ್ಗುವ ಹೊತ್ತಿಗೆ ನಾನು ಎದುರು ದಿಕ್ಕಿಗೆ ಹೋಗುವವನು. ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ. ಐವತ್ತು ದಾಟಿದವನಿಗೆ ಅದೇ ದೊಡ್ಡದು.

ನಾಲ್ಕು ವರ್ಷದ ಹಿಂದೆ ಹೆಡ್ ಆಫೀಸಿನವರು ಯಾವುದೋ ಪ್ರದರ್ಶನಕ್ಕೆ ಹೋಗಿಬಂದರು. ಪಂಪು ಕೆಡುವ ಮೊದಲೇ ಅದು ಕೆಡಲಿದೆ ಎಂದು ಹೇಳುವ ವ್ಯವಸ್ಥೆಯೊಂದನ್ನು ಅಲ್ಲಿ ನೋಡಿದರಂತೆ. ನಮ್ಮಲ್ಲಿ ಹನ್ನೆರಡು ದೊಡ್ಡ ಪಂಪುಗಳಿವೆ. ಒಂದೊಂದಕ್ಕೂ ಸೆನ್ಸರ್ ಅಂಟಿಸಬೇಕು, ಅದು ಉಷ್ಣತೆಯನ್ನೂ ನಡುಕವನ್ನೂ ಗಾಳಿಯಲ್ಲೇ ಕಂಪ್ಯೂಟರಿಗೆ ಕಳಿಸಬೇಕು, ಕಂಪ್ಯೂಟರು ಮುಂದಾಗುವುದನ್ನು ಊಹಿಸಬೇಕು. ಕಾಗದದ ಮೇಲೆ ಇದು ಎರಡು ಪುಟ. ಕಾರ್ಖಾನೆಯಲ್ಲಿ ಅದೇ ಒಂದೂವರೆ ವರ್ಷವಾಯಿತು. ಸೆನ್ಸರ್ ಅಂಟಿಸುವ ಗೋಂದು ಬಿಸಿ ಮೈಮೇಲೆ ನಿಲ್ಲಲಿಲ್ಲ. ಆಮ್ಲದ ಹಬೆಗೆ ಸೆನ್ಸರಿನ ಪಿನ್ನುಗಳು ಎರಡೇ ತಿಂಗಳಲ್ಲಿ ಕಿಲುಬು ಹಿಡಿದು ಹಸಿರಾದವು. ಸ್ಟೀಲ್ ಟ್ಯಾಂಕುಗಳ ಹಿಂದಿನಿಂದ ಸಿಗ್ನಲ್ ಹೊರಗೆ ಬರಲಿಲ್ಲ. ಪ್ರತಿ ಸೋಮವಾರ ಹೆಡ್ ಆಫೀಸಿನಿಂದ ಒಂದೇ ಪ್ರಶ್ನೆ: "ಎಲ್ಲಿಯವರೆಗೆ ಬಂತು?" ಪ್ರತಿ ಸೋಮವಾರ ನನ್ನದೂ ಒಂದೇ ಉತ್ತರ.

ಸೆನ್ಸರ್ ಬರುವವರೆಗೆ ಸುಮ್ಮನಿರುವುದು ಬೇಡ, ಹಳೆಯ ರೀಡಿಂಗುಗಳಿಂದ ಕಂಪ್ಯೂಟರಿಗೆ ಕಲಿಸಲು ಶುರುಮಾಡೋಣ ಎಂದು ತೀರ್ಮಾನವಾಯಿತು. ಆ ಕೆಲಸ ಐರೋಲಿಯ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಗೆ ಹೋಯಿತು. ಅಲ್ಲಿಂದ ಬಂದವಳು ಬೆಂಗಳೂರಿನ ಹುಡುಗಿ, ಇಪ್ಪತ್ತೇಳೋ ಎಂಟೋ ವಯಸ್ಸು, ಖಾರಘರದಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದಳು. ನಾನು ಕನ್ನಡದವನೆಂದು ತಿಳಿದ ಕೂಡಲೇ, "ಅಯ್ಯೋ ಸರ್, ಮೊದಲೇ ಹೇಳಬಾರದಾ? ಒಂದು ಗಂಟೆಯಿಂದ ಹಿಂದಿಯಲ್ಲಿ ಒದ್ದಾಡ್ತಾ ಇದೀನಿ" ಎಂದು ನಕ್ಕಳು. ಅವತ್ತಿನಿಂದ ನಮ್ಮ ಮಾತೆಲ್ಲ ಕನ್ನಡದಲ್ಲೇ.

ಹಳೆಯ ರೀಡಿಂಗು ಅಂದರೆ ಲಾಗ್‌ಬುಕ್ಕುಗಳು. ಎರಡು ಗಂಟೆಗೊಮ್ಮೆ ಆಪರೇಟರ್ ಒಂದು ಸುತ್ತು ಹೊಡೆದು, ಪ್ರತಿ ಪಂಪಿನ ಬೇರಿಂಗ್ ಎಷ್ಟು ಬಿಸಿಯಿದೆ ಎಂದು ಕೈಯಲ್ಲಿರುವ ಥರ್ಮಾಮೀಟರಿನಿಂದ ನೋಡಿ, ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಪರೇಟರುಗಳು ನಾಲ್ವರು, ವಾರಕ್ಕೊಮ್ಮೆ ಪಾಳಿ ಬದಲಾಗುತ್ತಾ ಬರುವವರು. ಮೂರು ವರ್ಷದ ಪುಸ್ತಕಗಳನ್ನು ನಾನು ಕಂಪ್ಯೂಟರಿಗೆ ಹಾಕಿದೆ. ಮಧ್ಯಾಹ್ನ ಡಬ್ಬಿ ಮುಗಿಸಿ ಕೂತರೆ ಸಂಜೆವರೆಗೆ ಅಂಕಿ, ಮತ್ತೆ ಅಂಕಿ. ಕಡೆಯ ಕಾಲಮ್ಮು 'ಶರಾ' ಎಂಬುದು, ಟಿಪ್ಪಣಿಗೆಂದು ಬಿಟ್ಟ ಜಾಗ. ಅಲ್ಲಿ ಏನಾದರೂ ಬರೆದಿದ್ದರೆ ಬಿಟ್ಟುಬಿಡುತ್ತಿದ್ದೆ. ಹುಡುಗಿ ಕೊಟ್ಟ ಫಾರ್ಮಿನಲ್ಲಿ ಮಾತುಗಳಿಗೆ ಜಾಗವಿರಲಿಲ್ಲ.

ಒಂದು ದಿನ ಅವಳು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ಮೂರನೇ ನಂಬರ್ ಪಂಪಿನ ಹಗಲು ಪಾಳಿಯ ಗೆರೆ. ಮೂರು ವಾರ ಚಪ್ಪಟೆಯಾಗಿ ಹೋಗಿ, ಒಂದು ವಾರ ಗರಗಸದ ಹಲ್ಲಿನಂತೆ ಏರಿಳಿದು, ಮತ್ತೆ ಚಪ್ಪಟೆ.

"ಇದು ಪಂಪ್ ಪ್ರಾಬ್ಲಮ್ ಅಲ್ಲ ಸರ್. ಒಬ್ಬ ಆಪರೇಟರ್ ಪ್ರಾಬ್ಲಮ್. ಮೂರು ಜನದ್ದು ಒಂದೇ ಥರ ಬರತ್ತೆ, ಅರವತ್ತೆರಡು, ಅರವತ್ಮೂರು. ಇವರೊಬ್ರದ್ದು ಮಾತ್ರ ಐವತ್ತೆಂಟಂತೆ, ಎಪ್ಪತ್ತೊಂದಂತೆ. ತುಂಬಾ ನಾಯ್ಸ್, ಬರೀ ಅಡ್ಡಾದಿಡ್ಡಿ ಅಂಕಿ. ಡ್ರಾಪ್ ಮಾಡಿದ್ರೆ ಮಾಡೆಲ್ ಕ್ಲೀನಾಗಿ ಬರತ್ತೆ. ಆದ್ರೆ ಪ್ಲಾಂಟ್ ಗೊತ್ತಿರೋದು ನಿಮಗೆ. ನೀವು ಹೇಳಿ."

ಸಹಿ ನೋಡಿದೆ. ವಿಜಾಪುರದವರದು. ನಾಲ್ವರಲ್ಲಿ ಅವರೊಬ್ಬರೇ ಕನ್ನಡದವರು, ವಿಜಾಪುರದ ಆಚೆಯ ಯಾವುದೋ ಹಳ್ಳಿಯಿಂದ ಬಂದು ಕಲ್ಯಾಣ ಪೂರ್ವದಲ್ಲಿ ಸಂಸಾರ ಹೂಡಿದವರು. ಕಾರ್ಖಾನೆಯಲ್ಲಿ ಎಲ್ಲರೂ 'ವಿಜಾಪುರ್‌ವಾಲೆ' ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಕಣ್ಣು ಮಂದವಾಗಿರಬೇಕು, ಥರ್ಮಾಮೀಟರನ್ನು ದೂರ ಹಿಡಿಯುತ್ತಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟನ್ನೂ ಅಂದುಕೊಳ್ಳಲಿಲ್ಲ. ಆ ವಾರ ಮೂರು ಸೆನ್ಸರ್ ಸತ್ತಿದ್ದವು, ಸೋಮವಾರ ಹತ್ತಿರ ಬರುತ್ತಿತ್ತು. ಎದ್ದು ಒಂದು ಸುತ್ತು ಹೋಗಿಬಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಏಳುವುದಕ್ಕೆ ಆಗಲಿಲ್ಲ.

"ತೆಗೆದುಬಿಡಿ" ಎಂದೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವರದಿಯಲ್ಲಿ ಅವಳ ಸಂಸ್ಥೆಯವರು ಪದ್ಧತಿಯಂತೆ ಒಂದು ಪಟ್ಟಿ ಹಾಕಿದ್ದರು. ಯಾವ ಆಪರೇಟರನ ರೀಡಿಂಗು ಎಷ್ಟು ನಂಬಲರ್ಹ ಎಂಬ ಪಟ್ಟಿ. ಮೂವರಿಗೆ ಹಸಿರು ಬಣ್ಣ, ಒಬ್ಬರಿಗೆ ಕೆಂಪು. ನಮ್ಮ ಪ್ಲಾಂಟ್ ಮ್ಯಾನೇಜರ್ ಪುಣೆ ಕಡೆಯವರು, ಕೆಟ್ಟವರಲ್ಲ, ಆದರೆ ಕೆಂಪು ಬಣ್ಣ ಕಂಡರೆ ಅವರಿಗೆ ಸುಮ್ಮನಿರಲಾಗುವುದಿಲ್ಲ. ನಾನು ಅವರ ಕ್ಯಾಬಿನ್ನಿನಲ್ಲಿ ಕೂತಿರುವಾಗಲೇ ವಿಜಾಪುರದವರನ್ನು ಕರೆಸಿದರು.

"ಇತ್ನೇ ಸಾಲ್ ಹೋ ಗಯೇ, ಅಭೀ ತಕ್ ರೀಡಿಂಗ್ ಲೇನಾ ನಹೀ ಆತಾ?" ಇಷ್ಟು ವರ್ಷವಾದರೂ ರೀಡಿಂಗು ತೆಗೆಯಲು ಬರುವುದಿಲ್ಲವೇ ಎಂದು ಗದರಿದರು.

ಅವರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. "ಸಾಬ್, ಜೋ ದಿಖಾ ವಹೀ ಲಿಖಾ" ಎಂದರು, ಕಂಡದ್ದನ್ನೇ ಬರೆದೆ ಎಂದು. ಆಮೇಲೆ ನನ್ನತ್ತ ನೋಡಿದರು. ನಮ್ಮವನೊಬ್ಬ ಕೂತಿದ್ದಾನೆ, ಏನಾದರೂ ಅಂದಾನು ಎಂದಿರಬೇಕು. ನಾನು ಲ್ಯಾಪ್‌ಟಾಪು ನೋಡಿದೆ. ಮರುವಾರ ಅವರನ್ನು ಪಂಪ್‌ಹೌಸಿನಿಂದ ತೆಗೆದು, ಒಳಹೋಗುವ ಹೊರಬರುವ ಲಾರಿಗಳ ಲೆಕ್ಕ ಬರೆಯುವ ಗೇಟಿಗೆ ಹಾಕಿದರು.

ಕೊನೆಗೊಮ್ಮೆ ಹನ್ನೆರಡು ಸೆನ್ಸರುಗಳೂ ಒಟ್ಟಿಗೆ ಮಾತಾಡಲು ಶುರುಮಾಡಿದ ದಿನ ಪೇಡಾ ಹಂಚಿದೆವು. ಎರಡನೇ ದಿನದಿಂದ ಅಲಾರಮ್ಮು. ಹನ್ನೆರಡರಲ್ಲಿ ಒಂಬತ್ತು ಪಂಪು ಕೆಡಲಿವೆ ಎಂದು ವ್ಯವಸ್ಥೆ ಕೂಗತೊಡಗಿತು. ಫಿಟ್ಟರುಗಳು ಒಂದನ್ನು ಬಿಚ್ಚಿ ನೋಡಿದರು, ಏನೂ ಆಗಿರಲಿಲ್ಲ. ಇನ್ನೊಂದು ಬಿಚ್ಚಿದರು, ಅದಕ್ಕೂ ಏನಿಲ್ಲ. ವಾರದೊಳಗೆ ಆಪರೇಟರುಗಳು ಅಲಾರಮ್ಮಿನ ಸದ್ದು ಅಡಗಿಸಲು ಕಲಿತರು. ಐರೋಲಿಯ ಹುಡುಗಿ ಫೋನ್ ಮಾಡಿ, "ಸೆನ್ಸರ್ ತಪ್ಪು ತೋರಿಸ್ತಿರಬೇಕು ಸರ್, ನಾವು ಕಲಿಸಿದ ಡೇಟಾಗೂ ಇದಕ್ಕೂ ಮ್ಯಾಚೇ ಆಗ್ತಿಲ್ಲ" ಎಂದಳು.

ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿ ತಂದು, ಬಿಸಿ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ಪ್ರಯೋಗಾಲಯದ ಥರ್ಮಾಮೀಟರಿಗೆ ತಾಳೆ ನೋಡಿದೆ. ಎಲ್ಲವೂ ಸರಿಯಿದ್ದವು. ನಂಬದೆ ಇನ್ನೊಮ್ಮೆ ಮಾಡಿದೆ. ಆಗಲೂ ಸರಿ. ಹಾಗಾದರೆ ತಪ್ಪು ಎಲ್ಲಿದೆ ಎಂದು ಯೋಚಿಸುತ್ತಾ ಮೂರನೇ ಪಂಪಿನ ಒಂದು ವಾರದ ಗೆರೆಯನ್ನು ಪರದೆಯ ಮೇಲೆ ತೆಗೆದೆ. ಬೆಳಿಗ್ಗೆ ಐವತ್ತೆಂಟು. ಮಧ್ಯಾಹ್ನ ಎರಡರ ಹೊತ್ತಿಗೆ ಎಪ್ಪತ್ತೊಂದು. ಸಂಜೆ ಮತ್ತೆ ಇಳಿತ. ಗರಗಸದ ಹಲ್ಲು.

ಅಟ್ಟದಿಂದ ಲಾಗ್‌ಬುಕ್ಕು ಇಳಿಸಿಕೊಂಡು ವಿಜಾಪುರದವರ ಪುಟಗಳನ್ನು ಹುಡುಕಿದೆ. ಅದೇ ಅಂಕಿಗಳು. ಶರಾ ಕಾಲಮ್ಮಿನಲ್ಲಿ ಪೆನ್ಸಿಲ್ಲಿನಿಂದ, ದುಂಡಗಿನ ಕನ್ನಡದಲ್ಲಿ ಬರೆದಿದ್ದರು: "ಮಧ್ಯಾಹ್ನ ನೀರು ಕಮ್ಮಿ. ೩ ನಂಬರ ಬಿಸಿ." ಇನ್ನೊಂದು ಪುಟದಲ್ಲಿ, "೭ ಸಪ್ಪಳ ಮಾಡತದ." ಮೂರು ವರ್ಷ ಬರೆದಿದ್ದರು. ಆ ಕಾರ್ಖಾನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಪುಟಗಳನ್ನು ಕೈಯಾರೆ ಮಗುಚಿದವನೂ ನಾನೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳ ತವರಿನವರು ಉಡುಪಿ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಠಾಣೆಯ ಕೋಪರಿಯಲ್ಲಿ. ಬೀನ್ಸ್ ಸೋಸುತ್ತಾ ಪೂರ್ತಿ ಕೇಳಿಸಿಕೊಂಡಳು. "ಅದನ್ನು ನನ್ನತ್ರ ಹೇಳಿ ಎಂತ ಪ್ರಯೋಜನ ಮಾರಾಯ್ರೆ? ಅವರತ್ರ ಹೋಗಿ ಹೇಳಿ" ಎಂದಳು. ಸೋಸಿದ ಬೀನ್ಸ್ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಗೇಟಿಗೆ ಹೋದೆ. ವಿಜಾಪುರದವರು ಒಂದು ಲಾರಿಯ ನಂಬರು ಬರೆದುಕೊಳ್ಳುತ್ತಿದ್ದರು. ಲಾರಿ ಹೋಗುವವರೆಗೆ ಕಾದು, ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಅಂಕಿಗಳೇ ಸರಿಯಿದ್ದವು, ಅವನ್ನು ತೆಗೆಯಲು ಹೇಳಿದವನು ನಾನು, ತಪ್ಪಾಯಿತು ಎಂದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಒಳಗಿನಿಂದ ಇನ್ನೊಂದು ಸ್ಟೂಲು ತಂದು ನನ್ನ ಮುಂದಿಟ್ಟರು.

"ನೀವು ಹೇಳಿದ್ದು ಅಂತ ನಂಗೊತ್ತಿತ್ತ್ರಿ ಸಾಹೇಬ್ರ. ಕಂಪ್ಯೂಟರ್‌ಗೆ ಏನ್ ತಿಳೀತದ? ಯಾರರ ಹೇಳಿರಬೇಕಲ್ಲ."

"ಮತ್ತೆ ಅವತ್ತೇ ನನ್ನನ್ನು ಯಾಕೆ ಕೇಳಲಿಲ್ಲ?"

"ಏನ್ ಕೇಳೋದ್ರಿ? ನಾ ಕಂಡಿದ್ದು ಬರ್ದೀನಿ ಅಂತ ಹೇಳ್ದೆ. ಒಮ್ಮೆ ಹೇಳಿದ್ದು ಸಾಲಂಗಿಲ್ಲಂದ್ರ ಹತ್ತು ಸಲ ಹೇಳಿದ್ರೂ ಅಷ್ಟ."

ಹಿಂದಿನ ಕೆಲಸಕ್ಕೆ ಕರೆಸುತ್ತೇನೆ ಎಂದೆ. ಅವರು ಕೈಯಾಡಿಸಿ ಬೇಡ ಎಂದರು. "ಇಲ್ಲಿ ಫ್ಯಾನ್ ಅದ, ಕುರ್ಚಿ ಅದ. ಮೊಣಕಾಲು ಹೋಗ್ಯಾವ್ರಿ. ಆ ಪಟ್ಟಿಯೊಳಗ ನನ್ನ ಹೆಸರಿಗೆ ಕೆಂಪು ಹಚ್ಯಾರಲ್ಲ, ಅದನ್ನ ತೆಗಸ್ರಿ. ಅಷ್ಟು ಸಾಕು."

ಆದರೂ ಒಂದು ಸುತ್ತು ನನ್ನ ಜೊತೆ ಬಂದರು. ಮೂರನೇ ಪಂಪು ಯಾಕೆ ಬಿಸಿಯಾಗುತ್ತದೆಂದು ತೋರಿಸಿದರು. ಮಧ್ಯಾಹ್ನ ಪಕ್ಕದ ವಿಭಾಗದವರು ಟ್ಯಾಂಕು ತೊಳೆಯಲು ತಂಪುನೀರಿನ ಕೊಳವೆ ತೆರೆಯುತ್ತಾರೆ, ಇಲ್ಲಿಗೆ ನೀರು ಕಡಿಮೆಯಾಗುತ್ತದೆ. ಬಾಯ್ಲರಿನ ಹಿಂದಿನ ಏಣಿಗೆ ಎರಡು ಮೆಟ್ಟಿಲೇ ಇರಲಿಲ್ಲ. ಅಲ್ಲಿ ಮೇಲಿನ ಎರಡು ಪಂಪು ನೋಡಬೇಕೆಂದರೆ ಟ್ಯಾಂಕುಗಳನ್ನು ಪೂರ್ತಿ ಬಳಸಿ ಹೋಗಬೇಕು. ಅವರು ಹಾಗೆ ಬಳಸಿ ಹೋಗುತ್ತಿದ್ದರಂತೆ. ಉಳಿದ ಮೂವರು ಪಂಪ್‌ಹೌಸಿನ ಬಾಗಿಲಲ್ಲಿ ನಿಂತು, ಹಿಂದಿನ ಸಾಲು ನೋಡಿ ಬರೆದುಬಿಡುತ್ತಿದ್ದರು. ಕಂಪ್ಯೂಟರು ಸಹಜವೆಂದು ಕಲಿತದ್ದು ಆ ಚಪ್ಪಟೆ ಅಂಕಿಗಳನ್ನೇ.

"ಅವರನ್ನ ಬೈಬ್ಯಾಡ್ರಿ. ಮೊದಲ ಒಂದು ಪಾಳಿಗೆ ಇಬ್ಬರಿದ್ವಿ. ಈಗ ಒಬ್ಬನ ಮ್ಯಾಲ ಎಲ್ಲಾ ಹಾಕ್ಯಾರ. ಹನ್ನೆರಡು ಪಂಪ್ ಅಡ್ಡ್ಯಾಡಿ ಬರಬೇಕಂದ್ರ ಮುಕ್ಕಾಲು ತಾಸ ಹೋಗ್ತದ."

"ನೀವು ಹೇಗೆ ಮಾಡುತ್ತಿದ್ದಿರಿ?"

"ನಾ ಚಾ ಬಿಟ್ಟಿದ್ದೆ" ಎಂದರು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಮ್ಯಾನೇಜರಿಗೆ ಇದನ್ನು ಹೇಳುವುದು ಗೇಟಿಗೆ ಹೋದದ್ದಕ್ಕಿಂತ ಕಷ್ಟವಾಯಿತು. ಅವರು ಬಾಗಿಲು ಹಾಕಿಸಿದರು. ಮೂವರ ಲಾಗ್‌ಬುಕ್ಕು ಸುಳ್ಳೆಂದು ಬರಹದಲ್ಲಿ ಬಂದರೆ ಸುರಕ್ಷತಾ ತಪಾಸಣೆಯಲ್ಲಿ ಏನು ಉತ್ತರ ಕೊಡುವುದು, ಆ ಮೂವರ ಕೆಲಸ ಏನಾಗುತ್ತದೆ, ಪಾಳಿಗೆ ಒಬ್ಬನೇ ಸಾಕೆಂದು ಬರೆದುಕೊಟ್ಟವರು ಯಾರು ಎಂದೆಲ್ಲ ಅವರೇ ಗಟ್ಟಿಯಾಗಿ ಯೋಚಿಸಿದರು. ಹಾಗೆ ಬರೆದುಕೊಟ್ಟವರು ಅವರೇ. ಕೊನೆಗೆ ವರದಿಯಲ್ಲಿ ಹೋದದ್ದು ಒಂದೇ ಸಾಲು: ಹಳೆಯ ದತ್ತಾಂಶ ಸಾಕಷ್ಟಿಲ್ಲದ ಕಾರಣ ಮಾದರಿಯನ್ನು ಹೊಸದಾಗಿ ಕಲಿಸಲಾಗುವುದು. ನಾನೂ ಸಹಿ ಮಾಡಿದೆ. ಬದಲಿಗೆ, ಕೆಂಪು ಬಣ್ಣದ ಪಟ್ಟಿಯನ್ನು ವಾಪಸು ಪಡೆದು, ರೀಡಿಂಗುಗಳು ಸರಿಯಾಗಿದ್ದವು ಎಂದು ವಿಜಾಪುರದವರಿಗೆ ಒಂದು ಪತ್ರ ಕೊಡಬೇಕೆಂದು ಹಟ ಹಿಡಿದೆ. ಹಟ ಎನ್ನುವುದು ದೊಡ್ಡ ಮಾತು. ಮೂರು ವಾರ ದಿನಾ ಹೋಗಿ ಅದೇ ಮಾತು ಹೇಳಿದೆ, ಬೇಸತ್ತು ಕೊಟ್ಟರು.

ಪತ್ರ ಇಂಗ್ಲಿಷಿನಲ್ಲಿತ್ತು. ನಾನೇ ಕನ್ನಡದಲ್ಲಿ ಓದಿ ಹೇಳಿದೆ. ವಿಜಾಪುರದವರು ಎರಡು ಸಲ ಓದಿಸಿಕೊಂಡು, ಮಡಚಿ ಡಬ್ಬಿಯ ಚೀಲಕ್ಕೆ ಹಾಕಿಕೊಂಡರು. ನಿವೃತ್ತಿಯಾಗುವವರೆಗೆ ಗೇಟಿನಲ್ಲೇ ಇದ್ದರು.

ಐರೋಲಿಯ ಹುಡುಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನಾನು ನಿಮ್ಮನ್ನ ಕೇಳಿದ್ನಲ್ಲ ಸರ್" ಎಂದಳು. ದೂರುವ ದನಿಯಲ್ಲ. ಆದರೂ ಆ ಮಾತು ಬಹಳ ದಿನ ಲೋಕಲ್ ಗಾಡಿಯಲ್ಲಿ ನನ್ನ ಜೊತೆ ಕೂತಿತ್ತು.

ಸೆನ್ಸರಿನ ಹೊಸ ಅಂಕಿಗಳಿಂದಲೇ ಮತ್ತೆ ಕಲಿಸಲು ಐದು ತಿಂಗಳು ಹಿಡಿಯಿತು. ಬಾಯ್ಲರಿನ ಹಿಂದಿನ ಏಣಿಯೂ ರಿಪೇರಿಯಾಯಿತು. ಸೆನ್ಸರ್ ಕಂಪನಿಯ ತಂತ್ರಜ್ಞ ಮುರಿದ ಏಣಿ ಹತ್ತುವುದಿಲ್ಲ ಎಂದು ಬರೆದುಕೊಟ್ಟಿದ್ದ, ಎರಡೇ ದಿನದಲ್ಲಿ ಹೊಸ ಮೆಟ್ಟಿಲು ಬಂತು. ಮಳೆಗಾಲದಲ್ಲಿ ಏಳನೇ ಪಂಪಿನ ಬೇರಿಂಗ್ ಹೋಗಲಿದೆ ಎಂದು ವ್ಯವಸ್ಥೆ ನಾಲ್ಕು ದಿನ ಮೊದಲೇ ಹೇಳಿತು, ಹೇಳಿದಂತೆಯೇ ಇತ್ತು. ದಸರೆಯ ಹೊತ್ತಿಗೆ ಹನ್ನೊಂದನೆಯದು, ವ್ಯವಸ್ಥೆ ಏನೂ ಹೇಳದಿರುವಾಗಲೇ, ನಿಂತುಹೋಯಿತು. ಹೆಡ್ ಆಫೀಸಿನಲ್ಲಿ ಮ್ಯಾನೇಜರು ಏಳನೆಯದರ ಬಗ್ಗೆ ಚೆನ್ನಾಗಿ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಈಗ ಇದೇ ವ್ಯವಸ್ಥೆಯನ್ನು ತಳೋಜಾದ ನಮ್ಮ ಇನ್ನೊಂದು ಕಾರ್ಖಾನೆಗೆ ಹಾಕುವ ಕೆಲಸ ನನ್ನ ಮೇಲೆ ಬಿದ್ದಿದೆ. ಅಲ್ಲಿ ಮೊದಲ ದಿನವೇ ಲಾಗ್‌ಬುಕ್ಕುಗಳನ್ನು ತಂದು ಮೇಜಿನ ಮೇಲೆ ಪೇರಿಸಿದರು. ಇವುಗಳನ್ನು ಆಮೇಲೆ ನೋಡುತ್ತೇನೆ, ಮೊದಲು ಒಂದು ವಾರ ಆಪರೇಟರುಗಳ ಜೊತೆ ಸುತ್ತು ಹೋಗುತ್ತೇನೆ ಎಂದೆ. ವಾರ ಆಗುವುದಿಲ್ಲ ಎಂದು ಮೂರು ದಿನ ಕೊಟ್ಟರು. ಅಲ್ಲಿ ಹತ್ತೊಂಬತ್ತು ಪಂಪುಗಳು. ಎರಡನೇ ದಿನ ಮಧ್ಯಾಹ್ನಕ್ಕೆ ನನ್ನ ಮೊಣಕಾಲೂ ನೋಯತೊಡಗಿತು. ಜೊತೆಗಿದ್ದ ಆಪರೇಟರ್ ಅನುಮಾನದಿಂದಲೇ ನೋಡುತ್ತಿದ್ದವನು ಕಡೆಗೆ ನಿಂತು, "ಸಾಬ್, ಆಪ್‌ಕೋ ಕ್ಯಾ ಚಾಹಿಯೇ?" ಎಂದ, ನಿಮಗೆ ಬೇಕಾದದ್ದಾದರೂ ಏನು ಎಂದು. ನೀನು ಹೇಗೆ ನೋಡುತ್ತೀಯೋ ಅದನ್ನೇ ನೋಡಬೇಕು ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಮುಂದಿನ ಪಂಪಿನ ಹತ್ತಿರ ಸ್ವಲ್ಪ ಸರಿದು, ನನಗೂ ನಿಲ್ಲಲು ಜಾಗ ಮಾಡಿದ.