ಕುಟ್ಟಾಣಿಯಿಂದ ಕಿಕ್ಕರಿಗೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಪಾತ್ರೆಗಳ ಮೇಲೆ. ಕಾಫಿ ಕೊಟ್ಟರೆ ಅದರ ಬಿಸಿಗಿಂತ ಮುಂಚೆ ಲೋಟದ ದಪ್ಪ ನನ್ನ ಬೆರಳಿಗೆ ತಿಳಿಯುತ್ತದೆ. ಕುಡಿದು ಮುಗಿಸಿ, ಲೋಟವನ್ನು ಮಗುಚಿ ತಳ ನೋಡಿ, ಉಗುರಿನಿಂದ ಒಮ್ಮೆ ಟಣ್ ಎನ್ನಿಸಿ ಕೆಳಗಿಡುತ್ತೇನೆ. ಪಾಪ, ಇನ್ನಷ್ಟು ಬೇಕೇನೋ ಎಂದುಕೊಂಡು ಮನೆಯವರು ಒಳಗೆ ಹೋಗಿ ಮತ್ತೆ ಕಾಫಿ ತರುತ್ತಾರೆ. ಹೀಗೆ ನಾನು ಬೇಡದ ಕಾಫಿಯನ್ನು ಬೇಕಾದಷ್ಟು ಕುಡಿದಿದ್ದೇನೆ. ನಿಜ ಗೊತ್ತಿರುವುದು ನನ್ನ ಹೆಂಡತಿ ಸುಶೀಲಳಿಗೆ ಮಾತ್ರ. ಅವಳು ಸೆರಗಿನ ಮರೆಯಲ್ಲಿ ನಗುತ್ತಾ, ಇದು ಬ್ರೇಕಿಗೆ ಆಗುತ್ತೋ ಕ್ಲಚ್ಚಿಗೋ ಎಂದು ಮೆಲ್ಲಗೆ ಕೇಳುತ್ತಾಳೆ.

ಈ ಚಾಳಿ ನನಗೆ ಅಂಟಿಕೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಾನಾಗ ಮಧುಗಿರಿಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಕೊರಟಗೆರೆಯ ಒಬ್ಬ ನಿವೃತ್ತ ಸುಬೇದಾರರ ಹಿತ್ತಲಿನಲ್ಲಿ, ಹುಣಿಸೆ ಮರದ ಕೆಳಗೆ, ಒಂದು ಇಂಗ್ಲಿಷ್ ಮೋಟಾರ್ ಸೈಕಲ್ ನಿಂತಿತ್ತು. ಅದು ಯುದ್ಧ ಕಂಡ ಗಾಡಿ ಎಂದು ಸುಬೇದಾರರು ಹೇಳಿದರು. ನಾನು ನೋಡುವ ಹೊತ್ತಿಗೆ ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ಇತಿಹಾಸ ಪಾಠ ಮಾಡುವವನಿಗೆ ಯುದ್ಧ ಎಂಬ ಮಾತು ಸಾಕಲ್ಲ, ಕೋಳಿಗಳನ್ನು ಎಬ್ಬಿಸಿ ಗಾಡಿಯನ್ನು ಮನೆಗೆ ತಂದೆ. ಅದನ್ನು ತಯಾರಿಸಿದ ಕಂಪನಿ ಎಂದೋ ಬಾಗಿಲು ಮುಚ್ಚಿದೆ, ಬಿಡಿಭಾಗ ಈ ಲೋಕದಲ್ಲಿ ಎಲ್ಲಿಯೂ ಸಿಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಸಿರಾದಲ್ಲಿ ಬುಡೇನ್ ಸಾಬರೆಂಬ ಮೆಕ್ಯಾನಿಕ್ ಇದ್ದರು. ಗಾಡಿಯನ್ನು ಅವರ ಮುಂದೆ ನಿಲ್ಲಿಸಿದೆ. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೀ ತರಿಸಿ ನನಗೂ ಕೊಟ್ಟು, ನಿಧಾನವಾಗಿ ಹೇಳಿದರು:

"ಇದ್ರ ಪುರ್ಜಾ ಸಿಗಾಕಿಲ್ಲ ಮಾಸ್ಟರ್. ಮಾಡ್ದೋರೇ ಹೋಗ್ಬಿಟ್ರು. ಇದು ಯಾಕೆ ಇನ್ನೂ ಐತೆ ಅನ್ನೋದೇ ನಂಗೆ ಗೊತ್ತಾಗ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಗಾಡಿಯನ್ನು ಅಲ್ಲಿಯೇ ಗುಜರಿಗೆ ಹಾಕಿ ಬಸ್ಸು ಹತ್ತುತ್ತಿದ್ದರು. ನಾನು ಹಾಗೆ ಮಾಡುವಂತಿರಲಿಲ್ಲ. ಕಾರಣ ಸುಶೀಲಳ ಕೆಲಸ. ಅವಳು ದೊಡ್ಡೇರಿಯ ಆಚೆಯ ಒಂದು ಹಳ್ಳಿಯಲ್ಲಿ ನರ್ಸಮ್ಮ. ಅಲ್ಲಿ ಆಸ್ಪತ್ರೆ ಎಂದರೆ ಎರಡು ಕೋಣೆ, ಅದರ ಹಿಂದೆಯೇ ನರ್ಸಮ್ಮ ವಾಸ ಮಾಡಲೆಂದು ಇನ್ನೆರಡು ಕೋಣೆ. ನಿಯಮದ ಪ್ರಕಾರ ಅವಳು ಅಲ್ಲೇ ಇರಬೇಕು. ಆ ಭಾಗದ ಡಾಕ್ಟರು ಒಳ್ಳೆಯವರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲು ತೆಗೆಯುವುದಾದರೆ ಮಧುಗಿರಿಯಿಂದಲೇ ಓಡಾಡಿಕೊಳ್ಳಿ, ತಪ್ಪಿದರೆ ಮಾತ್ರ ಸಾಮಾನು ಕಟ್ಟಿಕೊಂಡು ಇಲ್ಲಿಗೆ ಬರಬೇಕು ಎಂದಿದ್ದರು. ಎಂಟಕ್ಕೆ ಮುಂಚೆ ಆ ಕಡೆಗೆ ಬಸ್ಸಿಲ್ಲ. ಆದ್ದರಿಂದ ಆ ಗಾಡಿ ಬೆಳಿಗ್ಗೆ ಹೊರಟರೆ ನಾವು ಒಂದು ಮನೆ, ಹೊರಡದಿದ್ದರೆ ಎರಡು ಮನೆ. ಸುಶೀಲ ನಮ್ಮ ಕೈಗೂಸನ್ನು ಎತ್ತಿಕೊಂಡು ಅಲ್ಲಿಗೆ ಹೋಗಬೇಕು, ನಾನು ಮಧುಗಿರಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಭಾನುವಾರಕ್ಕೆ ಕಾಯಬೇಕು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ನನಗೆ ಅವಳನ್ನು ಬಿಟ್ಟಿರುವುದು ಸಾಧ್ಯವಿರಲಿಲ್ಲ. ಇದನ್ನು ಹೇಳಲು ಆಗ ನಾಚಿಕೆಯಾಗುತ್ತಿತ್ತು, ಈಗ ಆಗುವುದಿಲ್ಲ.

ಹೀಗೆ ನಮ್ಮ ಹಿತ್ತಲಿನಲ್ಲಿ ಕಾರ್ಖಾನೆ ಶುರುವಾಯಿತು. ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಲೋಹ ಕಚ್ಚಿ ಹಿಡಿಯುವ ಒಂದು ವೈಸ್ ಕೂರಿಸಿದೆ. ಒಂದು ಗರಗಸ, ಮೂರು ಅರ, ಕೈಯಲ್ಲಿ ತಿರುಗಿಸುವ ಒಂದು ಡ್ರಿಲ್, ಇಷ್ಟೇ ಬಂಡವಾಳ. ಕಬ್ಬಿಣಕ್ಕೆ ಬಾಗಿಲ ಚಿಲಕ, ಮುರಿದ ಗುದ್ದಲಿ. ತಗಡಿಗೆ ಎಣ್ಣೆ ಡಬ್ಬ. ಬ್ರೇಕಿನ ಕಡ್ಡಿಯಾಗಿ ಬಂದದ್ದು ನಮ್ಮಜ್ಜಿ ಒಲೆ ಕೆದಕುತ್ತಿದ್ದ ಸಲಾಕಿ. ಚೈನಿಗೆ ಮುಚ್ಚಳ ಬೇಕಾದಾಗ, ಮದುವೆಗೆ ನನ್ನ ಚಿಕ್ಕಪ್ಪನವರು ಮುಯ್ಯಿ ಕೊಟ್ಟ ದೊಡ್ಡ ಸ್ಟೀಲ್ ತಟ್ಟೆಯನ್ನೇ ಸುಶೀಲ ತಂದುಕೊಟ್ಟಳು. ನಾನು ಕತ್ತರಿಸಿ ಬಗ್ಗಿಸಿ ಕೂರಿಸಿದ ಮೇಲೆ ನೋಡುತ್ತೇನೆ, ತಟ್ಟೆಯ ಮೇಲಿನ ಅಕ್ಷರಗಳೆಲ್ಲ ಹೊರಮುಖವಾಗಿವೆ. ಚಿಕ್ಕಪ್ಪನವರ ಹೆಸರು, ಊರು, ಶುಭಾಶಯ, ಎಲ್ಲವೂ ಸ್ಪಷ್ಟ. ದಾರಿಯಲ್ಲಿ ಕುರಿಮಂದೆಗೆ ಗಾಡಿ ನಿಲ್ಲಿಸಿದಾಗ ಕುರಿ ಕಾಯುವವರು ಬಗ್ಗಿ ಓದಿ, ಇದು ಚಿಕ್ಕಪ್ಪನವರು ಕೊಡಿಸಿದ ಗಾಡಿ ಎಂದು ತಿಳಿದುಕೊಂಡರು. ಚಿಕ್ಕಪ್ಪನವರಿಗೆ ಆ ಕೀರ್ತಿ ಇಷ್ಟವಾಗಿ ಅವರೂ ಅದನ್ನು ಅಲ್ಲಗಳೆಯಲಿಲ್ಲ.

ಪಾತ್ರೆಯ ಮೇಲೆ ಹೆಸರು ಹೊಡೆಸುವ ನಮ್ಮ ಪದ್ಧತಿ ಸಣ್ಣದಲ್ಲ. ರಾಜರು ದಾನ ಕೊಟ್ಟು ಕಲ್ಲಿನ ಮೇಲೆ, ತಾಮ್ರದ ಹಲಗೆಯ ಮೇಲೆ ಬರೆಸಿದರು. ನಾವು ಲೋಟ ಕೊಟ್ಟು ಲೋಟದ ಮೇಲೆಯೇ ಬರೆಸುತ್ತೇವೆ. ತಾಮ್ರಶಾಸನಗಳ ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವರಿಗೆ ನರಕ ಗ್ಯಾರಂಟಿ ಎಂದು ಶಾಪ ಹಾಕಿರುತ್ತಾರೆ. ಯಾಕಪ್ಪಾ ಇಷ್ಟು ಕೋಪ ಎಂದು ಹುಡುಗರು ಕೇಳಿದರೆ ನಾನು ಭೂಮಿಯ ಹಕ್ಕು, ರಾಜ್ಯಾಡಳಿತ ಎಂದೆಲ್ಲ ವಿವರಿಸುತ್ತಿದ್ದೆ. ಹಿತ್ತಲಿನಲ್ಲಿ ಗರಗಸ ಹಿಡಿದ ಮೇಲೆ ನನಗೆ ಬೇರೆಯೇ ಅರ್ಥ ಹೊಳೆಯಿತು. ಒಳ್ಳೆಯ ತಾಮ್ರ ಕಂಡರೆ ಸುಮ್ಮನಿರಲಾರದ ನನ್ನಂಥವರು ಆ ಕಾಲದಲ್ಲೂ ಇದ್ದಿರಬೇಕು. ಗಂಟೆಯೋ ಗಾಡಿಯ ಬಳೆಯೋ ಆಗಿ ಕರಗಿಹೋದ ಶಾಸನಗಳು ಎಷ್ಟೋ.

ನಾನು ಕೈ ಸುಟ್ಟುಕೊಳ್ಳಲಿಲ್ಲ ಎಂದೇನೂ ತಿಳಿಯಬೇಡಿ. ಒಮ್ಮೆ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ಯುವ ಹುಮ್ಮಸ್ಸು ಬಂತು. ಸವೆದ ಭಾಗದ ಅಚ್ಚು ಎತ್ತಿಕೊಳ್ಳಲು ಮೆತ್ತಗಿನದು ಏನಾದರೂ ಬೇಕಿತ್ತು. ಮಧ್ಯಾಹ್ನದ ರಾಗಿ ಮುದ್ದೆ ಎದುರಿಗೇ ಇತ್ತು. ಅಚ್ಚು ಎಷ್ಟು ಚೆನ್ನಾಗಿ ಮೂಡಿತೆಂದರೆ ಸುಶೀಲಳನ್ನು ಕರೆದು ತೋರಿಸಿದೆ. ಕಾದ ಲೋಹ ಸುರಿದದ್ದೇ ತಡ, ಮುದ್ದೆಯೊಳಗಿನ ನೀರೆಲ್ಲ ಆವಿಯಾಗಿ ಸಿಡಿದು, ನಾನು ಬಾವಿಕಟ್ಟೆಯ ಆಚೆಗೆ ನೆಗೆದಿದ್ದೆ. ಹೊರಗೆ ಬಂದ ವಸ್ತು ಸಂಡಿಗೆಯ ಹಾಗಿತ್ತು. ಸೀದ ರಾಗಿಯ ವಾಸನೆ ನಾಲ್ಕು ಮನೆಗೆ ಹಬ್ಬಿ, ಪಕ್ಕದ ಮನೆಯವರು ಇವತ್ತು ಅಡುಗೆ ಮೇಷ್ಟ್ರದ್ದಾ ಎಂದು ವಿಚಾರಿಸಿದರು.

ಆ ಸಂಡಿಗೆ ನಿಜವಾಗಿ ಆಗಬೇಕಾಗಿದ್ದದ್ದು ಕಿಕ್ಕರಿನ ಬುಷ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಾಡಿ ಶುರು ಮಾಡಲು ಒದೆಯುತ್ತೇವಲ್ಲ, ಆ ಕಿಕ್ಕರಿನ ದಂಡ ಇಂಜಿನ್ನಿನೊಳಗೆ ಹೋಗುವ ಕಡೆ ಒಂದು ಹಿತ್ತಾಳೆಯ ಬಳೆ ಇರುತ್ತದೆ. ಅದು ಸವೆದರೆ ದಂಡ ಅಲ್ಲಾಡುತ್ತದೆ, ಎಣ್ಣೆ ಸೋರುತ್ತದೆ, ಒದೆತ ಗಾಳಿಗೆ ಹೋಗುತ್ತದೆ. ನಮ್ಮದು ಪೂರ್ತಿ ಸವೆದಿತ್ತು. ಒಂದೆರಡು ದಿನ ನಾನೂ ಸುಶೀಲಳೂ ಗಾಡಿಯನ್ನು ತಳ್ಳಿ ಶುರು ಮಾಡಿದೆವು. ಒಂದು ಬೆಳಿಗ್ಗೆ ತಳ್ಳಿದರೂ ಆಗದೆ, ಅವಳು ಎಂಟು ದಾಟಿದ ಮೇಲೆ ಹೋಗಿ ಬಾಗಿಲು ತೆಗೆದಳು. ಡಾಕ್ಟರು ಬೈಯಲಿಲ್ಲ, ಹಿಂದಿನ ಕೋಣೆಗಳಿಗೆ ಸುಣ್ಣ ಹೊಡೆಸಿಡುತ್ತೇನೆ ಎಂದರಂತೆ. ಅವಳು ಅದನ್ನು ಹೇಳಿದಾಗ ನನಗೆ ಊಟ ಸೇರಲಿಲ್ಲ.

ಗಟ್ಟಿ ಹಿತ್ತಾಳೆ ಬೇಕು, ತೆಳು ಪಾತ್ರೆಯದು ಆಗದು ಎಂದು ನಾನು ಮನೆಯೆಲ್ಲ ಕಣ್ಣಾಡಿಸುತ್ತಿದ್ದೆ. ಒಂದು ವಸ್ತುವನ್ನು ಮಾತ್ರ ಬೇಕೆಂದೇ ನೋಡುತ್ತಿರಲಿಲ್ಲ. ಅದು ಸುಶೀಲಳ ದೊಡ್ಡಮ್ಮ ಓಬಳಮ್ಮನವರು ಮದುವೆಗೆ ಕೊಟ್ಟಿದ್ದ ಹಿತ್ತಾಳೆಯ ಕುಟ್ಟಾಣಿ. ಹಲ್ಲಿಲ್ಲದವರು ಎಲೆ ಅಡಿಕೆ ಕುಟ್ಟಿಕೊಳ್ಳುವ ಪುಟ್ಟ ಒರಳು, ಅದಕ್ಕೊಂದು ಉದ್ದನೆಯ ಗುಂಡು. ತಾಯಿಯಿಲ್ಲದ ಸುಶೀಲಳನ್ನು ಸಾಕಿದವರೇ ಓಬಳಮ್ಮನವರು. ಆ ಕುಟ್ಟಾಣಿಗೆ ಸುಶೀಲ ವಾರಕ್ಕೊಮ್ಮೆ ಹುಣಿಸೆ ಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವಳೇ ಅದರ ಗುಂಡನ್ನು ತಂದು ನನ್ನ ಕೈಯಲ್ಲಿಟ್ಟಳು. ಬೇಡ ಎಂದೆ. "ನಂಗೆ ಆ ಸುಣ್ಣ ಹೊಡ್ದ ಕೋಣೆ ಬ್ಯಾಡ. ಕುಯ್ಯಿರಿ" ಎಂದಳು.

ಗುಂಡಿನ ದಪ್ಪ ತುದಿಯಿಂದ ಒಂದು ತುಂಡು ಕುಯ್ದು, ನಡುವೆ ತೂತು ಕೊರೆದೆ. ಹೊರಮೈ ಗುಂಡಗಾಗಬೇಕಲ್ಲ, ಅದಕ್ಕೆ ಲೇತು ಎಲ್ಲಿಂದ ತರಲಿ? ಸುಶೀಲಳ ಹೊಲಿಗೆ ಯಂತ್ರದ ಮೇಲ್ಭಾಗವನ್ನು ಬಿಚ್ಚಿಟ್ಟು, ಕೆಳಗಿನ ಚಕ್ರದ ಪಟ್ಟಿಯನ್ನು ನಾನು ಕೂರಿಸಿದ ಒಂದು ಸಣ್ಣ ರಾಟೆಗೆ ಹಾಕಿದೆ. ರಾಟೆಯ ಕಡ್ಡಿಗೆ ಹಿತ್ತಾಳೆ ತುಂಡು. ಅವಳು ಕಾಲಲ್ಲಿ ತುಳಿದಳು, ನಾನು ಅರ ಹಿಡಿದೆ. ಅವಳ ಒಂದು ಕೈ ತೊಟ್ಟಿಲ ಹಗ್ಗದಲ್ಲಿತ್ತು. ಬುಷ್ಷಿನ ಒಳಗೆ ಎಲ್ಲಿ ಬಿಗಿಯಾಗುತ್ತದೆಂದು ತಿಳಿಯಲು, ಮಗುವಿನ ಕಾಡಿಗೆಯನ್ನು ಕಿಕ್ಕರಿನ ದಂಡಕ್ಕೆ ಬಳಿದು ತೂರಿಸುತ್ತಿದ್ದೆ. ಕಪ್ಪು ಎಲ್ಲಿ ಹತ್ತಿತೋ ಅಲ್ಲಿ ಉಜ್ಜುವುದು, ಮತ್ತೆ ಬಳಿಯುವುದು. ಆ ಭಾನುವಾರದಷ್ಟು ಸುಖವಾದ ಭಾನುವಾರ ನನಗೆ ನೆನಪಿಲ್ಲ. ಸಂಜೆಗೆ ಬುಷ್ ಕೂತಿತು. ಒದ್ದೆ, ಗಾಡಿ ಹತ್ತಿಕೊಂಡಿತು.

ಓಬಳಮ್ಮನವರು ಬಂದದ್ದು ಆ ವಾರದಲ್ಲೇ. ಪಾವಗಡದಾಚೆಯ ಬಲಸಮುದ್ರದಿಂದ ಬಸ್ಸಿಳಿದು ಬಂದವರು, ಕಾಲು ತೊಳೆದು ಕೂರುವ ಮೊದಲೇ ಬಂದ ಕಾರಣ ಹೇಳಿದರು. ಸುಶೀಲ ಮಗುವನ್ನು ಕಟ್ಟಿಕೊಂಡು ದಿನಾ ಗಾಡಿಯ ಹಿಂದೆ ಕುಳಿತು ಹೋಗುವ ಸುದ್ದಿ ಅವರಿಗೆ ಮುಟ್ಟಿತ್ತು. ಅದು ನೆಚ್ಚಿಕೊಳ್ಳುವ ಗಾಡಿಯಲ್ಲ ಎಂಬ ಸುದ್ದಿಯೂ ಮುಟ್ಟಿತ್ತು. ಹಳ್ಳಿಯ ಕೋಣೆಯಲ್ಲಿ ಸುಶೀಲಳ ಜೊತೆ ತಾವೇ ಇದ್ದು ಮಗುವನ್ನು ನೋಡಿಕೊಳ್ಳುವುದು, ಅಳಿಯ ವಾರಕ್ಕೊಮ್ಮೆ ಬಂದು ಹೋಗುವುದು ಎಂಬುದು ಅವರ ಎಣಿಕೆ. ಅವರು ಹೀಗೆಂದು ತೀರ್ಮಾನಿಸಿದರೆ ಸುಶೀಲ ಎದುರು ಹೇಳುವವಳಲ್ಲ. ಸಾಕಿದವರ ಮಾತು. ನಾನು ಮಾತು ತಿರುಗಿಸಲೆಂದು ಎಲೆ ಅಡಿಕೆ ತಟ್ಟೆಯನ್ನು ಮುಂದಿಟ್ಟೆ. ನನ್ನ ಬುದ್ಧಿಗೆ ಏನು ಹೇಳೋಣ, ಅವರ ಬಾಯಲ್ಲಿ ಹಲ್ಲಿರಲಿಲ್ಲ. ತಾವೇ ಕೊಟ್ಟ ಕುಟ್ಟಾಣಿ ಎಲ್ಲಿ ಎಂದು ಕೇಳಿದರು.

ಕುಯ್ದ ಗುಂಡಿನಲ್ಲಿ ಉಳಿದದ್ದು ಕುಟ್ಟುವ ದಪ್ಪ ತುದಿಯೇ ಇಲ್ಲದ ಮೋಟು. ಸುಶೀಲ ನನ್ನನ್ನು ನೋಡಿದಳು, ನಾನು ಹಿತ್ತಲನ್ನು ನೋಡಿದೆ. ಅಲ್ಲಿ ಗಾಡಿಯ ಹಿಂದಿನ ಚಕ್ರದಿಂದ ತೆಗೆದು ಹಾಕಿದ್ದ ಹಳೆಯ ಅಚ್ಚಿನ ಸರಳು ಬಿದ್ದಿತ್ತು, ಗುಂಡಿನ ಬದಲಿಗೆ ಅಳತೆ ಸರಿಯಾಗಿತ್ತು. ಸುಶೀಲ ಅದನ್ನು ಬೂದಿ ಹಾಕಿ ಉಜ್ಜಿ, ನರ್ಸಮ್ಮನಲ್ಲವೇ, ಸಿರಿಂಜು ಕುದಿಸುವ ಡಬ್ಬದಲ್ಲಿ ಕುದಿಸಿ ತಂದುಕೊಟ್ಟಳು. ಓಬಳಮ್ಮನವರು ಏನೂ ಕೇಳದೆ ಕುಟ್ಟಿ ಬಾಯಿಗೆ ಹಾಕಿಕೊಂಡರು. ಆ ಸಂಜೆ, ಊಟವಾದ ಮೇಲೆ, ಮತ್ತೆ ಬೆಳಿಗ್ಗೆ, ಅದೇ ಅಚ್ಚಿನಲ್ಲಿ ಕುಟ್ಟಿದರು. ನಾನು ಗೆದ್ದೆವೆಂದೇ ತಿಳಿದೆ.

ಬೆಳಿಗ್ಗೆ ಹೊರಡಲು ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿದಾಗ ಓಬಳಮ್ಮನವರು ಜಗಲಿಯ ಮೇಲೆ ಒರಳು ಇಟ್ಟುಕೊಂಡು ಕೂತಿದ್ದರು. ಕೈಯಲ್ಲಿದ್ದ ಅಚ್ಚನ್ನು ಮೂಗಿನ ಹತ್ತಿರ ಹಿಡಿದು ನೋಡಿ, ತಮ್ಮ ಗಡಿನಾಡಿನ ತೆಲುಗು ಬೆರೆಸಿ, "ಇದು ಗಾಡೀದು ಕದಾ ಅಳಿಮಯ್ಯ? ನೆನ್ನೆಯಿಂದ ಎಲೆ ಅಡ್ಕೆ ಗ್ರೀಸ್ ನಾತ ಹೊಡೀತೈತೆ. ಮತ್ತೆ ನಮ್ದು ಎಲ್ಲೈತೆ?" ಎಂದರು.

ಕಿಕ್ಕರಿನ ಬುಡ ತೋರಿಸಿದೆ. ಯಾಕೆ ಕುಯ್ದೆವು, ಡಾಕ್ಟರು ಏನೆಂದರು, ಸುಣ್ಣ ಹೊಡೆಸುವ ಮಾತು, ಎಲ್ಲವನ್ನೂ ಸುಶೀಲ ಹೇಳಿದಳು. ಓಬಳಮ್ಮನವರು ಎದ್ದು ಬಂದು, ಬಗ್ಗಿ, ಬೆರಳಿನಿಂದ ಬುಷ್ಷಿನ ಅಂಚನ್ನು ಮುಟ್ಟಿ ನೋಡಿದರು.

"ಒದ್ದು ತೋರ್ಸಪ್ಪ."

ಮೊದಲ ಒದೆತಕ್ಕೆ ಗಾಡಿ ಕೆಮ್ಮಿ ಸುಮ್ಮನಾಯಿತು. ಅಷ್ಟು ಹೊತ್ತಿನಲ್ಲಿ ನನಗೆ ಭಾನುವಾರದ ಬಸ್ಸು, ಹೋಟೆಲಿನ ಇಡ್ಲಿ ಎಲ್ಲ ಕಣ್ಣೆದುರು ಬಂತು. ಮತ್ತೆ ಒದ್ದೆ. ಹತ್ತಿಕೊಂಡಿತು, ಮನೆ ಮುಂದಿನ ತಗಡೆಲ್ಲ ಅದುರುವ ಹಾಗೆ. ಅವರು ಆ ಸದ್ದಿನಲ್ಲಿ ಏನೋ ಹೇಳಿದರು. ಕೇಳಿಸದೆ ನಾನು ಇಂಜಿನ್ ಆರಿಸಲು ಹೋದೆ. ಆರಿಸಬೇಡ ಎಂದು ಕೈ ಮಾಡಿ, ನನ್ನ ಕಿವಿಯ ಹತ್ತಿರ ಬಂದರು.

"ಕುಟ್ಟಾಣಿ ಕೊಟ್ಟಿದ್ದು ಯಾತಕ್ಕೆ ಅಂದ್ಕಂಡೆ? ಹಲ್ಲು ಬಿದ್ದೋದ ಮ್ಯಾಲೆ ಇಬ್ರೂ ಒಂದೇ ಜಗಲಿ ಮ್ಯಾಲೆ ಕುಂತು ಕುಟ್ಕಂಡು ತಿನ್ಲಿ ಅಂತ. ಆ ಕೆಲ್ಸ ಅದು ಈಗ್ಲೇ ಶುರು ಮಾಡ್ಕಂಡೈತೆ. ಬುಡು, ಒಳ್ಳೇದಾತು. ಎಂಟಕ್ಕೆ ಬಾಗ್ಲು ತೆಗೀಬೇಕಲ್ಲ, ಹೊರಡ್ರಿ."

ಸುಶೀಲ ಮಗುವನ್ನು ಎತ್ತಿಕೊಂಡು ಹಿಂದೆ ಕೂತಳು. ದೊಡ್ಡೇರಿಯ ದಾರಿಯ ಏರಿನಲ್ಲಿ ಅವಳ ಒಂದು ಕೈ ನನ್ನ ಹೆಗಲಿಗೆ ಬಂತು. ಹಗಲು ಹೊತ್ತಿನಲ್ಲಿ, ಕುರಿ ಕಾಯುವವರೆಲ್ಲ ನೋಡುತ್ತಿರುವಾಗ, ಅವಳು ಹಾಗೆ ಕೈ ಇಟ್ಟದ್ದು ಅದೇ ಮೊದಲು. ಗಾಡಿಯ ಎಷ್ಟೋ ಭಾಗಗಳನ್ನು ಆಮೇಲೂ ಮಾಡಿದೆ. ಆದರೆ ಆ ಏರಿನಲ್ಲಿ ನಾನು ಮಾಡಿದ್ದು, ಗೇರು ಇಳಿಸಿ ಗಾಡಿಯನ್ನು ಆದಷ್ಟು ನಿಧಾನವಾಗಿ ಬಿಟ್ಟದ್ದು, ಅಷ್ಟೇ.